ಏಕೈಕ ವೀರನ ಬಹುವಚನ: ಒಂದು ಮೀಮಾಂಸೆ

ಅಧ್ಯಾಯ 1: ವಿಷಯ ನಿರೂಪಣೆ, ಅಥವಾ ರೋಗದ ಮೂಲ

ಲೋಕದಲ್ಲಿ ವಿಡಿಯೊ ಆಟಗಳು ಎರಡು ವಿಧ. ಒಬ್ಬನೇ ಬಾಗಿಲು ಹಾಕಿಕೊಂಡು ಆಡುವಂಥದ್ದು ಒಂದು, ಸಾವಿರಾರು ಜನ ಒಂದೇ ಲೋಕಕ್ಕೆ ನುಗ್ಗಿ ಆಡುವಂಥದ್ದು ಇನ್ನೊಂದು. ಮೊದಲನೆಯದನ್ನು ಇನ್ನುಮುಂದೆ ‘ಏಕಾಂತಕ್ರೀಡೆ’ ಎಂದೂ ಎರಡನೆಯದನ್ನು ‘ಲೋಕಾಂತಕ್ರೀಡೆ’ ಎಂದೂ ಕರೆಯಲಾಗುವುದು. ಹೀಗೆ ಕರೆಯುವುದರಿಂದ ವಿಷಯಕ್ಕೆ ಯಾವ ಪ್ರಯೋಜನವೂ ಇಲ್ಲ. ಪ್ರಬಂಧಕ್ಕೆ ತೂಕ ಬರುತ್ತದೆ.

ಏಕಾಂತಕ್ರೀಡೆಯೊಂದು ಜನಪ್ರಿಯವಾಗಿ, ಅದರ ಎರಡು, ಮೂರು, ನಾಲ್ಕನೆಯ ಭಾಗಗಳು ಬಂದು, ಅದನ್ನು ಆಡುತ್ತ ಬೆಳೆದ ಹುಡುಗರಿಗೆ ಮೀಸೆ ಮೂಡುವ ಹೊತ್ತಿಗೆ ಅವರಲ್ಲೊಂದು ಬಯಕೆ ಹುಟ್ಟುತ್ತದೆ: ‘ಇದೇ ಲೋಕದಲ್ಲಿ ಎಲ್ಲರೂ ಒಟ್ಟಿಗೆ ಇರುವಂತಿದ್ದರೆ!’ ಇದನ್ನು ಪ್ರಕೃತ ಶಾಸ್ತ್ರವು ‘ಆದ್ಯವಿಕಾರ’ ಎನ್ನುತ್ತದೆ. ಅದೇ ಉದ್ಗಾರ ಕಂಪನಿಯ ಕಿವಿಗೆ ‘ತಿಂಗಳು ತಿಂಗಳು ಚಂದಾ’ ಎಂದು ಕೇಳಿಸುತ್ತದೆ. ಇವೆರಡರ ಸಂಧಿಯಿಂದ ಲೋಕಾಂತಕ್ರೀಡೆ ಹುಟ್ಟುತ್ತದೆ. ವೈಯಾಕರಣರು ಇದನ್ನು ಲೋಪಸಂಧಿ ಎಂದು ಗುರುತಿಸಬೇಕು. ಲೋಪವಾದದ್ದು ಏನೆಂಬುದೇ ಮುಂದಿನ ಅಧ್ಯಾಯಗಳ ವಿಷಯ.

ವ್ಯಾಪ್ತಿ ಮತ್ತು ಮಿತಿ: ‘ಅಲ್ಟಿಮಾ’ ಸರಣಿಯನ್ನು ಮುಖ್ಯ ದೃಷ್ಟಾಂತವಾಗಿ ಇಟ್ಟುಕೊಳ್ಳಲಾಗಿದೆ. ಈ ರೋಗ ಅಂಟಿದ ದೊಡ್ಡ ಸರಣಿಗಳಲ್ಲಿ ಅದು ಮೊದಲ ಸಾಲಿನದು. ಮಿಕ್ಕವು ಉಪದೃಷ್ಟಾಂತಗಳು. ಕ್ಷೇತ್ರಕಾರ್ಯವನ್ನು ಕುರ್ಚಿಯಲ್ಲಿ ಕೂತೇ ಮಾಡಲಾಗಿದೆ. ಈ ಕ್ಷೇತ್ರಕ್ಕೆ ಬೇರೆ ದಾರಿಯೂ ಇಲ್ಲ.

ಅಧ್ಯಾಯ 2: ಎಂಟು ಸದ್ಗುಣಗಳ ರಾಜ್ಯ

ಅಮೆರಿಕದ ಟೆಕ್ಸಸ್‌ನಲ್ಲಿ ಬೆಳೆದ ರಿಚರ್ಡ್ ಗ್ಯಾರಿಯಟ್ 1981ರಲ್ಲಿ ಅಲ್ಟಿಮಾ ಸರಣಿಯನ್ನು ಆರಂಭಿಸಿದರು. ಮುಂದೆ ಬ್ರಿಟಾನಿಯಾ ಎಂದು ಹೆಸರಾದ ಅದರ ರಾಜ್ಯಕ್ಕೆ ಲಾರ್ಡ್ ಬ್ರಿಟಿಷ್ ಎಂಬ ರಾಜ. ಆ ರಾಜ ಬೇರಾರೂ ಅಲ್ಲ, ಸ್ವತಃ ಗ್ಯಾರಿಯಟ್. ತಾನು ಬರೆದ ಕಾವ್ಯದ ಸಿಂಹಾಸನದಲ್ಲಿ ತಾನೇ ಹೋಗಿ ಕೂರುವ ಈ ಉಪಾಯ ನಮ್ಮ ಆಸ್ಥಾನ ಕವಿಗಳಿಗೆ ಹೊಳೆಯಲಿಲ್ಲ. ಅವರು ಇನ್ನೊಬ್ಬರನ್ನು ಹೊಗಳುತ್ತಲೇ ಆಯುಸ್ಸು ಸವೆಸಿದರು.

1985ರಲ್ಲಿ ಬಂದ ನಾಲ್ಕನೆಯ ಭಾಗದಲ್ಲಿ ಕೊನೆಗೆ ಕೊಲ್ಲಬೇಕಾದ ರಾಕ್ಷಸನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ರೂಢಿಸಿಕೊಂಡು ಆಟಗಾರ ಅವತಾರಪುರುಷನಾಗಬೇಕು. ಅಲ್ಲೊಬ್ಬಳು ಕಣ್ಣಿಲ್ಲದ ಹೆಂಗಸು ಮಂತ್ರಕ್ಕೆ ಬೇಕಾದ ಮೂಲಿಕೆ ಮಾರುತ್ತಾಳೆ. ಬೆಲೆ ಹೇಳುತ್ತಾಳೆ, ನಾಣ್ಯ ಎಣಿಸಿ ಇಡುವವನು ಆಟಗಾರ. ಅರ್ಧಕ್ಕರ್ಧ ಕಡಿಮೆ ಇಟ್ಟರೂ ಆಕೆ ಚಕಾರ ಎತ್ತುವುದಿಲ್ಲ, ಮೂಲಿಕೆ ಕೊಟ್ಟು ಕಳಿಸುತ್ತಾಳೆ. ಆದರೆ ಯಂತ್ರದೊಳಗಿನ ಚಿತ್ರಗುಪ್ತ ಪ್ರಾಮಾಣಿಕತೆಯ ಖಾತೆಯಲ್ಲಿ ಬರೆದುಕೊಂಡಿರುತ್ತಾನೆ. ಎಷ್ಟೋ ಹೊತ್ತಿನ ಮೇಲೆ, ಅವತಾರವಾಗಲು ಯೋಗ್ಯತೆ ಸಾಲದೆಂದು ಗೊತ್ತಾದಾಗ, ಆಟಗಾರನಿಗೆ ಆ ನಾಣ್ಯಗಳು ನೆನಪಾಗುತ್ತವೆ. ಅಮೆರಿಕದ ಹದಿಹರೆಯದ ಹುಡುಗರು ಕಂಪ್ಯೂಟರಿನೆದುರು ಕೂತು ಕುರುಡಿಯೊಬ್ಬಳಿಗೆ ಸರಿಯಾದ ಚಿಲ್ಲರೆ ಎಣಿಸಿಕೊಟ್ಟ ಈ ಕಾಲವನ್ನು ಸರಣಿಯ ಕೃತಯುಗ ಎನ್ನಬಹುದು.

ಅವತಾರದ ಕಲ್ಪನೆಯನ್ನು ಗ್ಯಾರಿಯಟ್ ಒಯ್ದದ್ದು ನಮ್ಮ ಕಡೆಯಿಂದ. ಒಯ್ಯುವಾಗ ಬಳಸುವ ಕ್ರಮವನ್ನೂ ಕೇಳಿಕೊಂಡು ಹೋಗಬಹುದಿತ್ತು. ವಿಷ್ಣು ಹತ್ತು ಅವತಾರಗಳನ್ನು ಯುಗಯುಗಗಳಿಗೆ ಹಂಚಿ, ಒಂದಾದ ಮೇಲೊಂದರಂತೆ ಎತ್ತಿದ್ದಕ್ಕೆ ಕಾರಣವಿದೆ. ಆದರೂ ಒಮ್ಮೆ ಲೆಕ್ಕ ತಪ್ಪಿ ರಾಮನೂ ಪರಶುರಾಮನೂ ಒಂದೇ ದಾರಿಯಲ್ಲಿ ಎದುರುಬದುರಾದರು. ಏನಾಯಿತು? ಮದುವೆ ಮುಗಿಸಿ ಅಯೋಧ್ಯೆಗೆ ಹೊರಟಿದ್ದ ದಿಬ್ಬಣ ನಡುದಾರಿಯಲ್ಲಿ ನಿಂತಿತು. ದಶರಥನ ಎದೆ ಬಾಯಿಗೆ ಬಂತು. ಯಾರ ಕೈಗೆ ಬಿಲ್ಲು ಬಗ್ಗುತ್ತದೆಂದು ತೀರ್ಮಾನವಾಗಿ ಒಬ್ಬರು ಮಹೇಂದ್ರಪರ್ವತಕ್ಕೆ ಹೋಗುವವರೆಗೆ ಸಮಸ್ಯೆ ಬಗೆಹರಿಯಲಿಲ್ಲ. ಇದು ಎರಡೇ ಅವತಾರಗಳ ಮಾತು. 1997ರ ಸೆಪ್ಟೆಂಬರ್ 24ರಂದು ಸರಣಿಯ ಲೋಕಾಂತರೂಪವಾದ ‘ಅಲ್ಟಿಮಾ ಆನ್‌ಲೈನ್’ ಬಾಗಿಲು ತೆರೆಯಿತು. 1998ರಲ್ಲಿ ಚಂದಾದಾರರ ಸಂಖ್ಯೆ ಒಂದು ಲಕ್ಷ ದಾಟಿತು. ಪರ್ವತಗಳು ಸಾಲಲಿಲ್ಲ.

ಅಧ್ಯಾಯ 3: ರಾಜಮರಣ ಪ್ರಕರಣ

ಲಾರ್ಡ್ ಬ್ರಿಟಿಷ್‌ನನ್ನು ಕೊಲ್ಲಲು ನೋಡುವುದು ಏಕಾಂತಯುಗದಿಂದಲೂ ಭಕ್ತರ ನಿತ್ಯಕರ್ಮ. ಕರ್ತೃವೂ ಅದಕ್ಕೆ ಸಣ್ಣಪುಟ್ಟ ಅವಕಾಶ ಇಟ್ಟಿದ್ದುಂಟು. 1992ರ ಏಳನೆಯ ಅಲ್ಟಿಮಾದಲ್ಲಿ ಸರಿಯಾದ ಹೊತ್ತಿಗೆ ಮುಟ್ಟಿದರೆ ಬಾಗಿಲ ಮೇಲಿನ ಫಲಕ ರಾಜನ ತಲೆಯ ಮೇಲೆ ಬೀಳುತ್ತಿತ್ತು. ಆದರೆ ಅದು ಮನೆಯೊಳಗಿನ ಕೊಲೆ. ಆಟಗಾರ ಹಳೆಯ ಉಳಿಕೆಯಿಂದ ಮತ್ತೆ ಶುರುಮಾಡಿದರೆ ರಾಜ ಎದ್ದು ಕೂರುತ್ತಿದ್ದ.

1997ರ ಆಗಸ್ಟ್‌ನಲ್ಲಿ, ಆನ್‌ಲೈನ್ ಆಟ ಇನ್ನೂ ಪರೀಕ್ಷೆಯ ಹಂತದಲ್ಲಿದ್ದಾಗ, ಲಾರ್ಡ್ ಬ್ರಿಟಿಷ್ ಪ್ರಜೆಗಳಿಗೆ ದರ್ಶನ ಕೊಡಲು ಬಂದ. ಅದಕ್ಕೆ ಮೊದಲು ಸರ್ವರ್ ಕುಸಿದು ಮತ್ತೆ ಎದ್ದಿತ್ತು. ಎದ್ದ ಮೇಲೆ ತನ್ನ ಅಜೇಯತ್ವವನ್ನು ಮತ್ತೆ ‘ಆನ್’ ಮಾಡಿಕೊಳ್ಳುವುದನ್ನು ರಾಜ ಮರೆತಿದ್ದ. ಗುಂಪಿನಲ್ಲಿದ್ದ ಒಬ್ಬ ಪ್ರಜೆ ತನ್ನ ಬಳಿಯಿದ್ದ ಬೆಂಕಿಯ ಮಂತ್ರವನ್ನು ಪ್ರಯೋಗಿಸಿದ. ಹಿರಣ್ಯಕಶಿಪು ವರ ಕೇಳುವಾಗ ಪಟ್ಟಿಯಲ್ಲಿ ಒಂದೆರಡು ಕಲಮು ಬಿಟ್ಟಿದ್ದ. ಇಲ್ಲಿ ವರಕ್ಕೆ ಸ್ವಿಚ್ಚೇ ಹಾಕಿರಲಿಲ್ಲ. ಸೃಷ್ಟಿಕರ್ತ ತನ್ನ ಸೃಷ್ಟಿಯ ನೆಲದ ಮೇಲೆ ದೊಪ್ಪನೆ ಬಿದ್ದು ಸತ್ತ. ಆಮೇಲೆ ಆಟ ನಡೆಸುವವರು ಗುಂಪಿನ ಮೇಲೆ ಪಿಶಾಚಿಗಳನ್ನು ಛೂ ಬಿಟ್ಟರು. ಕೊಲೆಗೆ ಸಂಬಂಧವೇ ಇಲ್ಲದ, ಮಾತು ಕೇಳಲು ಬಂದ ಅಮಾಯಕರೂ ಸತ್ತರು. ಲೋಕಾಂತಕ್ರೀಡೆಯ ಇತಿಹಾಸದಲ್ಲಿ ಗ್ರಾಹಕ ಸೇವೆಯ ಮೊದಲ ದಾಖಲೆಗಳಲ್ಲಿ ಇದೂ ಒಂದು.

ಪ್ರಕರಣದಿಂದ ಹೊರಡುವ ಸೂತ್ರ: ಏಕಾಂತದಲ್ಲಿ ಕರ್ತೃವೇ ದೇವರು, ಲೋಕಾಂತದಲ್ಲಿ ಕರ್ತೃವೂ ಒಬ್ಬ ಆಟಗಾರ.

ಅಧ್ಯಾಯ 4: ಸೃಷ್ಟಿ, ಸ್ಥಿತಿ, ವಿಭಜನೆ

ಒಂದೇ ಸರ್ವರ್ ಅಷ್ಟು ಅವತಾರಗಳನ್ನು ಹೊರಲಾರದು. ಲೋಕದ ಹಲವು ಪ್ರತಿಗಳು ಬೇಕು. ಇದು ಯಂತ್ರದ ಬಡತನ. ಬಡತನಕ್ಕೆ ಪುರಾಣ ಹೊಲಿಯುವುದು ಪ್ರತಿಭೆ. ಮೊದಲನೆಯ ಅಲ್ಟಿಮಾದಲ್ಲಿ ಮಾಂಡೇನ್ ಎಂಬ ಮಾಂತ್ರಿಕನ ಅಮರತ್ವದ ಮಣಿಯನ್ನು ಒಡೆಯಲಾಗಿತ್ತಲ್ಲ, ಅದರ ಒಂದೊಂದು ಚೂರಿನಲ್ಲೂ ಒಂದೊಂದು ಬ್ರಿಟಾನಿಯಾ ಉಳಿದುಕೊಂಡಿದೆ ಎಂದರು. ಅಟ್ಲಾಂಟಿಕ್ ಒಂದು ಚೂರು, ಪೆಸಿಫಿಕ್ ಇನ್ನೊಂದು ಚೂರು. ಸರ್ವರಿಗೆ ‘ಶಾರ್ಡ್’ ಎಂದೇ ಹೆಸರಾಯಿತು. ಅದ್ವೈತಿಗಳು ಘಟಾಕಾಶ-ಮಠಾಕಾಶ ಎಂದು ಶತಮಾನಗಟ್ಟಲೆ ವಿವರಿಸಿದ್ದನ್ನು ಇವರು ಲಾಗಿನ್ ಪರದೆಯಲ್ಲಿ ಪಟ್ಟಿ ಮಾಡಿ ತೋರಿಸಿದರು.

ಸ್ಥಿತಿಯ ವಿಷಯ ಹೀಗೆ. ತಯಾರಕರು ಕಾಡಿಗೊಂದು ಜೀವಜಾಲವನ್ನೇ ಹೆಣೆದಿದ್ದರು. ಸಸ್ಯಾಹಾರಿಗಳು ಮೇಯಬೇಕು, ತೋಳ ಅವನ್ನು ಹಿಡಿಯಬೇಕು, ಬೇಟೆ ಸಿಗದೆ ಹಸಿದ ದೊಡ್ಡ ಪ್ರಾಣಿ ಊರಿನ ಕಡೆ ಬರಬೇಕು, ಆಗ ಆಟಗಾರನಿಗೆ ಕೆಲಸ ಹುಟ್ಟಬೇಕು. ಆಟಗಾರರು ಬಂದವರೇ ಮೊಲ, ಕುರಿ, ಜಿಂಕೆ, ತೋಳ ಎನ್ನದೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಹುಟ್ಟಿದ ಮರುಕ್ಷಣವೇ ಕೊಂದರು. ಯಾವ ತೋಳಕ್ಕೂ ಮೊಲದ ಮುಖ ನೋಡುವಷ್ಟು ಆಯುಸ್ಸಿರಲಿಲ್ಲ. ಜೀವಜಾಲವೊಂದು ಇತ್ತೆಂಬುದು ಯಾರ ಗಮನಕ್ಕೂ ಬರಲಿಲ್ಲವಾಗಿ ತಯಾರಕರು ಅದನ್ನು ಸದ್ದಿಲ್ಲದೆ ಕಿತ್ತುಹಾಕಿದರು.

ಮೊಲ ಮುಗಿದ ಮೇಲೆ ಸರದಿ ಮನುಷ್ಯರದು. ಹೊಸಬನೊಬ್ಬ ಗುದ್ದಲಿ ಹಿಡಿದು ಅದಿರು ಅಗೆಯಲು ಊರ ಹೊರಗೆ ಹೋಗುತ್ತಾನೆ. ಪರದೆಯ ಅಂಚಿನಲ್ಲಿ ಕೆಂಪಕ್ಷರದ ಹೆಸರೊಂದು ಕಾಣುತ್ತದೆ. ಕೆಂಪು ಎಂದರೆ ಕೊಲೆಗಾರ. ಓದಿ ಮುಗಿಸುವಷ್ಟರಲ್ಲಿ ಪರದೆ ಬೂದುಬಣ್ಣಕ್ಕೆ ತಿರುಗುತ್ತದೆ. ನಿಲುವಂಗಿ ತೊಟ್ಟ ಪ್ರೇತವಾಗಿ ಹೊಸಬ ತನ್ನದೇ ಹೆಣದ ಪಕ್ಕ ನಿಂತಿದ್ದಾನೆ. ಕೊಂದವನು ಗುದ್ದಲಿ, ಅದಿರು, ಕೊನೆಗೆ ಅಂಗಿಯನ್ನೂ ಬಿಡದೆ ಬಿಚ್ಚಿಕೊಳ್ಳುತ್ತಿದ್ದಾನೆ. ‘ಅಂಗಿಯನ್ನಾದರೂ ಬಿಡಪ್ಪಾ’ ಎಂದು ಪ್ರೇತ ಬೇಡುತ್ತದೆ. ಸತ್ತವರ ಮಾತು ಬದುಕಿದವರಿಗೆ ‘ಊಊ ಊಊಊ’ ಎಂದಷ್ಟೇ ಕಾಣಬೇಕೆಂಬುದು ಆ ಲೋಕದ ನಿಯಮ. ಪ್ರೇತಭಾಷೆ ಬಲ್ಲ ವಿದ್ಯೆಯೊಂದು ಅಲ್ಲಿದೆ. ಅಂಗಿ ಬಿಚ್ಚುವವರು ಅದನ್ನು ಕಲಿಯುವ ಗೋಜಿಗೆ ಹೋಗುವುದಿಲ್ಲ.

ಕೊನೆಗೆ 2000ದಲ್ಲಿ ಲೋಕವನ್ನೇ ಎರಡಾಗಿ ನಕಲು ತೆಗೆದರು. ಬ್ರಿಟಾನಿಯಾದ ಎರಡು ಚಂದ್ರರ ಹೆಸರನ್ನೇ ಇಟ್ಟು, ಫೆಲುಕ್ಕಾದಲ್ಲಿ ಯಾರು ಯಾರನ್ನಾದರೂ ಕೊಲ್ಲಬಹುದು, ಟ್ರಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದೆ ಕೊಲ್ಲುವಂತಿಲ್ಲ ಎಂದರು. ಜನ ಗುಂಪುಗುಂಪಾಗಿ ಟ್ರಾಮೆಲ್‌ಗೆ ಗುಳೆ ಹೋದರು. ಕುರುಡಿಯ ಎದುರು ಮನಸ್ಸಾಕ್ಷಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಚಂದ್ರನಿಗೆ ವಹಿಸಬೇಕಾಯಿತು.

ಅಧ್ಯಾಯ 5: ನಾಯಕಭೇದ

ಭರತಮುನಿ ನಾಯಕರಲ್ಲಿ ನಾಲ್ಕು ಬಗೆ ಹೇಳಿದ. ನಾಟಕವೊಂದಕ್ಕೆ ನಾಯಕ ಒಬ್ಬನೇ ಇದ್ದ ಕಾಲದ ಲಕ್ಷಣಗಳವು. ಪರಿಷ್ಕರಿಸಿ ಕೊಡಲಾಗಿದೆ:

ಧೀರೋದ್ಧತ: ಊರ ಬಾಗಿಲ ಹೊರಗೆ ಹೊಸಬರಿಗಾಗಿ ಕಾಯುವವನು. ಇವನ ಅಂಗಿಯ ಸಂಗ್ರಹ ದೊಡ್ಡದು.

ಧೀರಲಲಿತ: ಬ್ರಿಟಾನಿಯಾದ ಬ್ರಿಟನ್ ಪಟ್ಟಣದ ಬ್ಯಾಂಕಿನ ಮುಂದೆ ನಿಂತಿರುವವನು. ಬ್ಯಾಂಕಿನಲ್ಲಿ ಕೆಲಸವಿಲ್ಲ. ಅಪರೂಪದ ಬಣ್ಣ ಹಾಕಿದ ನಿಲುವಂಗಿ ತೊಟ್ಟಿದ್ದಾನೆ; ನಾಲ್ಕು ಜನ ನೋಡಬೇಕು.

ಧೀರಪ್ರಶಾಂತ: ಕೌಶಲ ತಾನಾಗಿ ಬೆಳೆಯಲೆಂದು ಒಂದೇ ಕ್ರಿಯೆ ಸಾವಿರ ಸಲ ನಡೆಯುವಂತೆ ಯಂತ್ರಕ್ಕೆ ಒಪ್ಪಿಸಿ, ತಾನು ಮಲಗಿರುವವನು. ವೀರ ಗೋಡೆಗೆ ಮುಖ ಮಾಡಿ ರಾತ್ರಿಯಿಡೀ ಅಡಗಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಾನೆ.

ಧೀರೋದಾತ್ತ: ಮುಖಪುಟದ ಚಿತ್ರದಲ್ಲಿರುವವನು.

ಅಧ್ಯಾಯ 6: ಪೂರ್ವಪಕ್ಷಗಳು, ಅವುಗಳ ಗತಿ

ಒಂದನೆಯ ಪೂರ್ವಪಕ್ಷ: ‘ನೀನೊಬ್ಬನೇ ಗತಿ ಎಂದು ಪ್ರತಿಯೊಬ್ಬನಿಗೂ ಬೇರೆಬೇರೆಯಾಗಿ ಹೇಳಿದರಾಯಿತು.’ 2014ರಲ್ಲಿ ಲೋಕಾಂತಕ್ಕೆ ಬಂದ ‘ಎಲ್ಡರ್ ಸ್ಕ್ರಾಲ್ಸ್’ ಈ ಮಾರ್ಗ ಹಿಡಿಯಿತು. ಮೋಲಾಗ್ ಬಾಲ್ ಎಂಬ ದುಷ್ಟದೇವತೆ ಆಟಗಾರನ ಆತ್ಮವನ್ನು ಕದ್ದಿದ್ದಾನೆ. ಕಣ್ಣಿಲ್ಲದ ಮುದುಕ ಪ್ರವಾದಿಯೊಬ್ಬ ಬಂದು ಲೋಕದ ಭಾರವನ್ನು ಆಟಗಾರನ ಹೆಗಲಿಗೆ ಹಾಕುತ್ತಾನೆ. ಹೇಳಿಸಿಕೊಂಡು ಹೊರಗೆ ಬಂದರೆ ಅದೇ ಆತ್ಮ ಕಳೆದುಕೊಂಡ, ಅದೇ ಭಾರ ಹೊತ್ತ ನೂರಾರು ಜನ ಚೌಕದಲ್ಲಿ ಕುದುರೆ ಕುಣಿಸುತ್ತಿರುತ್ತಾರೆ. ಪ್ರವಾದಿಗೆ ಕಣ್ಣಿಲ್ಲದಿರುವುದು ಕಥೆಗಾರರ ಔಚಿತ್ಯಪ್ರಜ್ಞೆ.

ಎರಡನೆಯದು: ‘ಖಳನನ್ನು ಎಲ್ಲರಿಗೂ ಹಂಚಬಹುದು.’ ‘ವಾರ್‌ಕ್ರಾಫ್ಟ್’ ಹಂಚಿತು. 2002ರ ಮೂರನೆಯ ಭಾಗದಲ್ಲಿ ರಾಜಕುಮಾರ ಆರ್ಥಸ್ ಕೆಟ್ಟು, ಮರುವರ್ಷದ ವಿಸ್ತರಣೆಯಲ್ಲಿ ಲಿಚ್ ಕಿಂಗ್ ಆದದ್ದು ಒಂದು ದುರಂತಕಥೆ. 2004ರಲ್ಲಿ ಸರಣಿ ಲೋಕಾಂತವಾಯಿತು; 2009ರ ಡಿಸೆಂಬರ್‌ನಲ್ಲಿ ಆರ್ಥಸ್‌ನ ಕೋಟೆಯ ಬಾಗಿಲು ತೆರೆಯಿತು. ಅಲ್ಲಿಂದಾಚೆಗೆ ಅವನು ಒಂದೊಂದು ತಂಡದ ಕೈಯಲ್ಲೂ ವಾರಕ್ಕೊಂದು ಸಲ ಸಾಯುತ್ತಾನೆ, ವಾರದ ಗಡುವು ಮುಗಿದೊಡನೆ ಏಳುತ್ತಾನೆ. ದುರಂತಕ್ಕೆ ವೇಳಾಪಟ್ಟಿ ಬಂದರೆ ಅದನ್ನು ಅಲಂಕಾರಶಾಸ್ತ್ರ ‘ಡ್ಯೂಟಿ’ ಎನ್ನುತ್ತದೆ.

ಮೂರನೆಯದು: ‘ಏಕಾಂತದ ಸೌಂದರ್ಯವನ್ನು ಹಾಗೆಯೇ ಸಾಗಿಸಬಹುದು.’ 2010ರಲ್ಲಿ ಬಂದ ‘ಫೈನಲ್ ಫ್ಯಾಂಟಸಿ’ಯ ಹದಿನಾಲ್ಕನೆಯ ಭಾಗವೇ ಇದಕ್ಕೆ ಉತ್ತರ. ಒಬ್ಬನ ಕಣ್ಣಿಗಾಗಿ ಒಂದೊಂದು ವಸ್ತುವನ್ನೂ ಕೆತ್ತಿ ಹೆಸರಾದ ಸರಣಿ ಅದು. ಅದೇ ಚಟದಲ್ಲಿ ಒಂದು ಹೂಕುಂಡಕ್ಕೂ ಒಬ್ಬ ಆಟಗಾರನ ಇಡೀ ದೇಹಕ್ಕೆ ಸಮನಾದಷ್ಟು, ಆಕೃತಿ ಕಟ್ಟುವ ಬಹುಭುಜಗಳನ್ನು ಸುರಿದಿದ್ದರೆಂದು, ಆಮೇಲೆ ಅದನ್ನು ವಹಿಸಿಕೊಂಡ ನವೊಕಿ ಯೊಶಿದಾ ಅವರೇ ಬಹಿರಂಗವಾಗಿ ಹೇಳಿದರು. ಸಂತೆಗೆ ಬಂದವರಿಗಿಂತ ಸಂತೆಯ ಹೂಕುಂಡಗಳೇ ಯಂತ್ರಕ್ಕೆ ಭಾರವಾದವು. ರಿಪೇರಿ ಅಸಾಧ್ಯವೆನಿಸಿ 2012ರ ನವೆಂಬರ್ 11ರಂದು ಆಕಾಶದ ಚಂದ್ರನೊಂದನ್ನು ಒಡೆದು, ಅದರೊಳಗಿಂದ ಬಹಾಮಟ್ ಎಂಬ ಮಹಾಸರ್ಪವನ್ನು ಹೊರಬಿಟ್ಟು, ಲೋಕವನ್ನು ಸುಟ್ಟು, ಸರ್ವರ್ ಆರಿಸಿದರು. 2013ರ ಆಗಸ್ಟ್ 27ರಂದು ಮರುಸೃಷ್ಟಿಯಾಯಿತು. ಈ ಸಲ ಎಷ್ಟು ಚೆನ್ನಾಗಿ ಬಂತೆಂದರೆ, 2021ರ ಡಿಸೆಂಬರ್‌ನಲ್ಲಿ ನೂಕುನುಗ್ಗಲು ತಾಳಲಾರದೆ ಕಂಪನಿಯೇ ಆಟದ ಮಾರಾಟವನ್ನು ಕೆಲಕಾಲ ನಿಲ್ಲಿಸಿತು. ಲೋಕೋದ್ಧಾರಕರು ನಾಲ್ಕಂಕಿಯ ಸರತಿ ಸಂಖ್ಯೆ ನೋಡುತ್ತ, ಲೋಕದ ಬಾಗಿಲಲ್ಲಿ ಗಂಟೆಗಟ್ಟಲೆ ಕಾದರು.

ಅಧ್ಯಾಯ 7: ಸಿದ್ಧಾಂತ

ಇಷ್ಟರಿಂದ ಹೊರಡುವುದು ಇದು: ಆದ್ಯವಿಕಾರದಲ್ಲಿ ‘ಎಲ್ಲರೂ ಒಟ್ಟಿಗೆ’ ಎಂಬಲ್ಲಿ ಅಭಿಮಾನಿ ಕೇಳುತ್ತಿರುವುದು ಜೊತೆಗಾರರನ್ನಲ್ಲ, ಸಾಕ್ಷಿಗಳನ್ನು. ಏಕಾಂತದಲ್ಲಿ ಅವನು ಲೋಕವನ್ನು ಹತ್ತು ಸಲ ಉಳಿಸಿದ್ದಾನೆ. ನೋಡಿದವರು ಯಾರೂ ಇಲ್ಲ. ಊಟಕ್ಕೆ ಕರೆಯಲು ಬಂದ ಅಮ್ಮ ಬಾಗಿಲು ತೆರೆದದ್ದು ಅವನು ಸೋಲುತ್ತಿದ್ದಾಗ. ಈ ಅನ್ಯಾಯ ಸರಿಯಾಗಬೇಕಾದರೆ ಲಕ್ಷ ಜನ ನೋಡಬೇಕು. ಬಂದ ಲಕ್ಷ ಜನರೂ ಅದೇ ಅರ್ಜಿ ಹಿಡಿದು ಬಂದಿರುತ್ತಾರೆ. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರು ಎಂಬ ಗಾದೆ ಇಲ್ಲಿ ಶಬ್ದಪ್ರಮಾಣ.

ಆದರೂ ಅಲ್ಟಿಮಾ ಆನ್‌ಲೈನ್ ಮುಳುಗಲಿಲ್ಲ. ಕಟ್ಟಿದ ಒರಿಜಿನ್ ಕಂಪನಿ 2004ರಲ್ಲಿ ಮುಚ್ಚಿತು; ಊರು ಕಾಲು ಶತಮಾನ ದಾಟಿಯೂ ನಡೆಯುತ್ತಿದೆ. ಹಾಗಾದರೆ ಪಲ್ಲಕ್ಕಿ ಹೊತ್ತವರು ಯಾರೋ ಇದ್ದಾರೆ. ಹುಡುಕಿದರೆ ಸಿಗುವವರು ನಾಯಕಭೇದದ ಪಟ್ಟಿಯಲ್ಲೇ ಇಲ್ಲದವರು: ಕಮ್ಮಾರ, ದರ್ಜಿ, ಬೆಸ್ತ, ರೊಟ್ಟಿ ಸುಡುವವ. ಈ ಕೊನೆಯವನ ದಿನಚರಿ ಹೀಗೆ. ಗೋಧಿಯ ತೆನೆ ತರಬೇಕು, ಗಿರಣಿಗೆ ಹಾಕಿ ಹಿಟ್ಟು ಮಾಡಬೇಕು, ಹೂಜಿಯ ನೀರು ಬೆರೆಸಿ ಕಲಸಬೇಕು, ಒಲೆಯಲ್ಲಿಡಬೇಕು. ಕೈ ಪಳಗದಿದ್ದರೆ ಸುಟ್ಟು ಹಾಳಾಗುತ್ತದೆ. ತಿಂಗಳಿಗೆ 9 ಡಾಲರ್ 95 ಸೆಂಟ್ ಕೊಟ್ಟು ಇವನು ರೊಟ್ಟಿ ಸುಟ್ಟ. ಇನ್ನೊಬ್ಬ ಅಂಗಿ ಹೊಲಿದ, ಏಕೆಂದರೆ ಅಂಗಿ ಕಳೆದುಕೊಂಡ ಪ್ರೇತಗಳಿಗೆ ಬರಗಾಲವಿರಲಿಲ್ಲ. ಮತ್ತೊಬ್ಬ ಹೋಟೆಲಿಟ್ಟ. ಅಲ್ಲಿ ಜನ ಸೇರಿದರು, ಹರಟಿದರು, ಮದುವೆಯಾದರು.

ಅಲ್ಟಿಮಾದ ಎಂಟು ಗುಣಗಳ ಪಟ್ಟಿಯಲ್ಲಿ ಕೊನೆಯದು ವಿನಯ. ಅವತಾರವಾಗಲೇಬೇಕೆಂದು ಲಕ್ಷ ಜನ ಹೊಡೆದಾಡಿದ ಊರಿನಲ್ಲಿ ಅದು ಸಿದ್ಧಿಸಿದ್ದು ಅದಕ್ಕಾಗಿ ಅರ್ಜಿಯನ್ನೇ ಹಾಕದ ರೊಟ್ಟಿಯವನಿಗೆ. ಲೋಪಸಂಧಿಯಲ್ಲಿ ಲೋಪವಾದದ್ದು ‘ಏಕೈಕ’ ಎಂಬ ವಿಶೇಷಣ. ಅದು ಹೋದುದಕ್ಕೆ ಅಳದವನೊಬ್ಬನೇ ಊರಿಗೆ ಒಕ್ಕಲಾದ. ಆದ್ದರಿಂದ ಮುಂದೆ ಯಾವುದೇ ಸರಣಿಯನ್ನು ಲೋಕಾಂತಗೊಳಿಸಲು ಹೊರಟವರು ಖಳನಿಗಿಂತ ಮೊದಲು ಒಲೆಯನ್ನು ವಿನ್ಯಾಸಗೊಳಿಸತಕ್ಕದ್ದು.

ಫಲಶ್ರುತಿ

ಇದನ್ನು ಅಭಿಮಾನಿಯು ಓದಿದಲ್ಲಿ ಅವನ ಸರತಿ ಸಂಖ್ಯೆ ಇಳಿಯುವುದು. ಹೊಸಬನು ಓದಿದಲ್ಲಿ ಅವನ ಅಂಗಿ ಉಳಿಯುವುದು. ಕಂಪನಿಯವನು ಓದಿದಲ್ಲಿ ಹೂಕುಂಡದ ಮೋಹ ನಾಶವಾಗಿ ಚಂದಾ ವೃದ್ಧಿಯಾಗುವುದು. ರಾಜನು ಓದಿದಲ್ಲಿ ಸ್ವಿಚ್ಚು ನೆನಪಾಗುವುದು. ಈ ಪ್ರಬಂಧದ ಪರೀಕ್ಷಕರಿಗೆ ಮಾತ್ರ ಯಾವ ಫಲವನ್ನೂ ಹೇಳಿಲ್ಲ. ಪರೀಕ್ಷಕರು ಪ್ರಬಂಧ ಓದುವ ಪದ್ಧತಿ ಇಲ್ಲ.