ಟ್ರೆಂಟನ್ನಿನ ಜಡೆ

ಅಕ್ಕಾ, ಇಂಟರ್‌ವ್ಯೂಗೆ ಮುಂಚೆ ಮೊಮ್ಮಗಳ ಗುಂಗುರು ಕೂದಲನ್ನ ಪಾರ್ಲರಲ್ಲಿ ನೆಟ್ಟಗೆ ಮಾಡಿಸ್ತೀನಿ ಅಂದ್ರಲ್ಲ, ರಾತ್ರಿಯೆಲ್ಲ ಅದೇ ತಲೇಲಿತ್ತು. ನಾನು ಈಗಷ್ಟೇ 'ಅಮೆರಿಕಾನಾ' ಓದಿ ಮುಗಿಸಿದೀನಿ. ನೈಜೀರಿಯಾದ ಚಿಮಮಾಂಡ ಎನ್‌ಗೋಜಿ ಅಡಿಚಿ ಬರೆದ ಕಾದಂಬರಿ, 2013ರದು. ಅದು ಶುರುವಾಗೋದೇ ಕೂದಲಿಂದ. ಕಥಾನಾಯಕಿ ಇಫೆಮೆಲು ಇರೋದು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ. ಅಷ್ಟು ದೊಡ್ಡ ವಿದ್ಯೆಯ ಊರಲ್ಲಿ ಅವಳ ಕೂದಲು ಹೆಣೆಯೋರು ಒಬ್ಬರೂ ಇಲ್ಲ! ರೈಲು ಹತ್ತಿ ಟ್ರೆಂಟನ್‌ಗೆ ಹೋಗ್ಬೇಕು. ಅಲ್ಲಿ ಸೆಕೆ ತುಂಬಿದ ಅಂಗಡಿ, ಸೆನೆಗಲ್ಲಿನ ಹೆಂಗಸಿನ ಕೈಗೆ ತಲೆ ಕೊಟ್ಟು ಗಂಟೆಗಟ್ಟಲೆ ಕೂರ್ಬೇಕು. ಹಳೆಯದೆಲ್ಲ ಆ ಕುರ್ಚಿಯಲ್ಲೇ ಬಿಚ್ಚಿಕೊಳ್ಳುತ್ತೆ.

ಕೆಲಸ ಬೇಕಾದರೆ ಜಡೆ ಬಿಚ್ಚಿ ಕೂದಲು ನೆಟ್ಟಗೆ ಮಾಡಿಸ್ಕೋ ಅಂತ ಅವಳಿಗೂ ಬುದ್ಧಿ ಹೇಳ್ತಾರೆ. ಕೂದಲು ನೆಟ್ಟಗೆ ಮಾಡೋ ಕ್ರೀಮಿಗೆ ನೆತ್ತಿ ಸುಟ್ಟು ಗಾಯ ಆಗುತ್ತೆ. ಕೆಲಸ ಸಿಗುತ್ತೆ, ಕೂದಲು ಉದುರುತ್ತೆ. ಕೊನೆಗೆ ಗೆಳತಿ ಕೈಲಿ ಗಿಡ್ಡಕ್ಕೆ ಕತ್ತರಿಸಿಕೊಂಡು, ಕನ್ನಡಿ ನೋಡಿ ಕುಗ್ಗಿಹೋಗ್ತಾಳೆ. ಅಲ್ಲಿ ನನಗೆ ಕಣ್ಣು ತುಂಬಿ ಬಂತು.

ನೈಜೀರಿಯಾದ ಲಾಗೋಸ್‌ನಲ್ಲಿ, ತನ್ನೂರಲ್ಲಿ, ಅವಳು ಇಗ್ಬೋ ಹುಡುಗಿ, ಅಪ್ಪ ಅಮ್ಮನ ಮಗಳು, ಅಷ್ಟೇ. ಕಪ್ಪವಳು ಅನ್ನಿಸಿಕೊಂಡಿದ್ದು ಅಮೆರಿಕದಲ್ಲಿ ಇಳಿದ ಮೇಲೆ. ಅವಳ ಪ್ರೀತಿಯ ಒಬಿಂಜೆಗೆ ಅಮೆರಿಕದ ವೀಸಾನೇ ಸಿಗಲ್ಲ. ಪ್ರೊಫೆಸರ್ ತಾಯಿಯ ಮಗ, ಲಂಡನ್ನಿನಲ್ಲಿ ಕಕ್ಕಸು ತೊಳೀತಾನೆ, ಇನ್ನೊಬ್ಬರ ಹೆಸರಲ್ಲಿ ದುಡೀತಾನೆ. ಕಾಗದಪತ್ರಕ್ಕಾಗಿ ಮದುವೆಯಾಗೋಕೆ ಹೊರಟ ದಿನವೇ ಸಿಕ್ಕಿಬೀಳ್ತಾನೆ, ದೇಶದಿಂದ ಹೊರಗೆ ಹಾಕ್ತಾರೆ. ಹೊಟ್ಟೆಗಿಲ್ಲದೆ ಹೋದವನಲ್ಲ ಅಕ್ಕಾ ಅವನು. ಇದ್ದಲ್ಲೇ ಇದ್ದರೆ ಬದುಕು ಅಲ್ಲೇ ನಿಂತುಹೋಗುತ್ತೆ ಅನ್ನೋ ದಿಗಿಲು. ಇಂಥವರ ಸಂಕಟಾನ ಯಾರು ಸಂಕಟ ಅಂತ ಲೆಕ್ಕಕ್ಕಿಡ್ತಾರೆ ಹೇಳಿ?

ಇಫೆಮೆಲು ಮಾತ್ರ ತಾನಾಗೇ ವಾಪಸ್ ಬರ್ತಾಳೆ. ಲಾಗೋಸ್‌ನ ಧಗೆ, ಗಲಾಟೆ, ಕರೆಂಟ್ ಹೋದಾಗಿನ ಜನರೇಟರ್ ಸದ್ದು. ಬದಲಾಗಿದ್ದು ಊರೋ ತಾನೋ ಅಂತ ತಬ್ಬಿಬ್ಬಾಗ್ತಾಳೆ. ಅಮೆರಿಕದ ಗತ್ತು ಹೊತ್ತು ಬಂದವರನ್ನ ಅಲ್ಲಿಯವರು ಛೇಡಿಸೋ ಹೆಸರೇ 'ಅಮೆರಿಕಾನಾ'. ಹೊರಗಿಂದ ಮರಳಿದವರೆಲ್ಲ ಒಂದೆಡೆ ಕೂತು, ಊರಲ್ಲಿ ಅದಿಲ್ಲ ಇದಿಲ್ಲ ಅಂತ ಗೊಣಗ್ತಾರೆ. ಅವರ ನಡುವೆ ಇವಳೂ ಕೂತಿರ್ತಾಳೆ, ತಾನೂ ಅವರ ಹಾಗೇ ಅಂತ ಗೊತ್ತಾಗಿ ಚುಚ್ಚುತ್ತೆ.

ಅಕ್ಕಾ, ನಿಮಗೆ ಕೈಮುಗೀತೀನಿ, ಮೊಮ್ಮಗಳ ಆ ಕೂದಲಿಗೆ ಕೊಬ್ಬರಿ ಎಣ್ಣೆ ಒಂದು ಸಾಕು. ನಾಳೆ ಇಂಟರ್‌ವ್ಯೂಗೆ ಹುಡುಗೀನ ಆ ಗುಂಗುರು ಕೂದಲ ಜಡೇಲೇ ಕಳಿಸಿ.