ಹುದ್ದೆ ಭರ್ತಿ

ಮರ್ಕಂಜದ ಒಂದು ಚಾದಂಗಡಿ. ಸಿಬ್ಬಂದಿ ಲೆಕ್ಕಕ್ಕೆ ಬಂದ ಸಾಹೇಬರು ನಮೂನೆ ಬಿಡಿಸಿದರು.

"ಬಯಲಲ್ಲಿ 30,000 ಜನಕ್ಕೊಂದು, ಗುಡ್ಡಗಾಡಲ್ಲಿ 20,000ಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ನಿಮ್ಮದು ಗುಡ್ಡವೋ?"

"ಮಳೆಗಾಲದಲ್ಲಿ ಒಮ್ಮೆ ಹತ್ತಿ ನೋಡಿ ಸಾರ್."

"ಡಾಕ್ಟ್ರು?"

"ಹುದ್ದೆ ಭರ್ತಿ. ಜನ ನಿಯೋಜನೆಯಲ್ಲಿ ಬೇರೆ ಕಡೆ. ಸಂಬಳ ಇಲ್ಲಿ, ಸ್ಟೆತಸ್ಕೋಪು ಅಲ್ಲಿ."

"ನರ್ಸು?"

"ಪಕ್ಕದ ಕೇಂದ್ರದವರು, ಪ್ರಭಾರ."

"ಒಳ್ಳೇದಾಯ್ತು, ಎರಡೂ ಕಡೆ ಬರೆದುಕೊಳ್ಳಬಹುದು. ನೂರಕ್ಕೆ ನೂರು!" (ಈ ಗಣಿತ ನಮಗೆ ಶಾಲೆಯಲ್ಲಿ ಯಾಕೆ ಕಲಿಸಲಿಲ್ಲವೋ.)

"ಆಶಾ ಅಕ್ಕನನ್ನು ಬರೆಯಿರಿ ಸಾರ್. ಸಾವಿರ ಜನಕ್ಕೊಬ್ಬರು. ತೋಟ, ಸಂಕ ದಾಟಿ ಮನೆಮನೆಗೆ ಬರುವುದು ಅವರೊಬ್ಬರೇ."

"ಅವರು ಸಿಬ್ಬಂದಿಯಲ್ಲ ಮಾರಾಯ್ರೆ, ಕಾರ್ಯಕರ್ತೆ. ಸಂಬಳ ಇಲ್ಲ, ಗೌರವಧನ. ಕಾಲಂ ಇಲ್ಲ. ಕುರ್ಚಿ ಎಷ್ಟುಂಟು?"

"ನಾಲ್ಕು. ಒಂದರ ಕಾಲು ನಿಯೋಜನೆಯಲ್ಲಿ ಹೋಗಿದೆ."