ಕ್ಯಾಲೊರಿ ಶಾನುಭೋಗರು

ಹಳ್ಳಿಯ ಜಮೀನು, ಕಂದಾಯ, ಬಾಕಿಗಳ ಲೆಕ್ಕವನ್ನು ವಂಶಪಾರಂಪರ್ಯವಾಗಿ ಬರೆದಿಡುತ್ತಿದ್ದ ಶಾನುಭೋಗರ ಹುದ್ದೆಯನ್ನು 1961ರ ಕಾಯಿದೆಯೊಂದು ರದ್ದುಮಾಡಿತು. ಆದರೆ ಹುದ್ದೆ ಹೋದರೂ ಅದರ ಮನೋಧರ್ಮ ಎಲ್ಲಿಗೂ ಹೋಗದೆ, ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಗಾಜಿನ ಕಪಾಟಿನ ಮುಂದೆ ಸಂಜೆ ಹೊತ್ತು ಬಂದು ನಿಲ್ಲುತ್ತದೆ ಎಂಬುದನ್ನು ಯಾವ ಗೆಜೆಟಿಯರೂ ದಾಖಲಿಸಿದಂತಿಲ್ಲ. ತೂಕ ಇಳಿಸುವ ಸಂಕಲ್ಪ ತೊಟ್ಟಿದ್ದರೂ ಬೇಕರಿಯ ದಾರಿಯನ್ನು ಬಿಡದೆ, ಬಾಯಿಗಿಡುವ ಪ್ರತಿಯೊಂದು ತಿನಿಸಿಗೂ ಮುಂಚಿತವಾಗಿ ಬಾಯಿಲೆಕ್ಕದಲ್ಲೇ ಒಂದು ಅಂಕಿ ಕಟ್ಟುವ ಗೃಹಸ್ಥರನ್ನು ಇಲ್ಲಿ ‘ಕ್ಯಾಲೊರಿ ಶಾನುಭೋಗರು’ ಎಂದು ಕರೆಯಲಾಗಿದೆ. ಸಾಮಾನ್ಯವಾಗಿ ನಲವತ್ತೈದು ದಾಟಿದವರಾದ ಇವರ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರವೂ, ಬೆಲ್ಟಿನ ತುದಿಯಲ್ಲಿ ಮನೆಯಲ್ಲೇ ಮೊಳೆ ಹೊಡೆದು ಕೊರೆದುಕೊಂಡ ತೂತೂ ಇರುತ್ತವೆ. ಎರಡನೆಯದು ಒತ್ತುವರಿಯ ಪುರಾವೆಯಾದರೂ ಅದನ್ನು ಅವರು ಚರ್ಮ ಕುಗ್ಗಿದ್ದರ ಪರಿಣಾಮವೆಂದೇ ನಮೂದಿಸುತ್ತಾರೆ.

ವಿದ್ವತ್ತಿನ ವಿಷಯದಲ್ಲಿ ಇವರನ್ನು ಲಘುವಾಗಿ ಕಾಣುವಂತಿಲ್ಲ. ಒಂದು ಲೀಟರ್ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾದ ಶಾಖವೇ ಆಹಾರದ ಮಾತಿನಲ್ಲಿ ಬರುವ ಕ್ಯಾಲೊರಿಯೆಂದೂ, ಭೌತಶಾಸ್ತ್ರದವರು ಅದನ್ನೇ ಕಿಲೋಕ್ಯಾಲೊರಿ ಎನ್ನುವರೆಂದೂ, ಪಿಷ್ಟ, ಸಕ್ಕರೆ, ಪ್ರೋಟೀನುಗಳಿಗೆ ಗ್ರಾಮಿಗೆ 4ರಂತೆ, ಜಿಡ್ಡಿಗೆ 9ರಂತೆ ಲೆಕ್ಕ ಹಿಡಿಯುವ ಪದ್ಧತಿ ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಬರ್ ಅಟ್‌ವಾಟರ್ ಅವರ ಪ್ರಯೋಗಗಳಿಂದ ಬಂದದ್ದೆಂದೂ, ಪಫ್ಸಿನ ಪದರು ಅಂಗಿಯ ಮೇಲೆ ಉದುರುತ್ತಿರುವಾಗಲೇ ಪಕ್ಕದವರಿಗೆ ವಿವರಿಸಬಲ್ಲರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವನ್ನೂ ಇವರು ತೆರೆದು ನೋಡಿರುತ್ತಾರೆ; ಅದರಲ್ಲಿ 528 ಆಹಾರಗಳ ವಿವರವಿದ್ದರೂ ಅವು ಬಹುಪಾಲು ಬೇಯಿಸದ ಪದಾರ್ಥಗಳಾದ್ದರಿಂದ ದಿಲ್‌ಪಸಂದ್ ಅಲ್ಲಿ ಸಿಗುವುದಿಲ್ಲ, ಸಿಕ್ಕ ಅಂಕಿಗಳೂ ಕಿಲೋಜೂಲಿನಲ್ಲಿರುವುದರಿಂದ 4.184ರಿಂದ ಭಾಗಿಸಿಕೊಳ್ಳಬೇಕಾಗುತ್ತದೆ. ಪೊಟ್ಟಣದ ಬಿಸ್ಕತ್ತಿನ ಬೆನ್ನ ಮೇಲಾದರೆ ನೂರು ಗ್ರಾಮಿಗೆ ಇಷ್ಟೆಂದು ಅಚ್ಚಾಗಿರುತ್ತದೆ. ಹತ್ತು ಅಥವಾ ಅದಕ್ಕೂ ಹೆಚ್ಚು ಕಡೆ ಮಳಿಗೆಯಿರುವ ದೊಡ್ಡ ಹೋಟೆಲುಗಳು ತಿನಿಸಿನ ಪಟ್ಟಿಯಲ್ಲಿ ಕ್ಯಾಲೊರಿ ಕಾಣಿಸಬೇಕೆಂಬ ನಿಯಮವೂ ಇದೆ. ಒಂದೇ ಷಟರಿನ ಬೇಕರಿಗೆ ಅದರ ಉಪದ್ರವವಿಲ್ಲ. ಹೀಗೆ ಶಾಸ್ತ್ರವೂ ಸರ್ಕಾರವೂ ಖಾಲಿ ಬಿಟ್ಟ ಅಂಕಣವನ್ನು ತುಂಬುವ ಅಧಿಕಾರ ಶಾನುಭೋಗರಿಗೆ ದಕ್ಕುತ್ತದೆ.

ಇವರ ಲೆಕ್ಕದ ಶುದ್ಧಿ ಬೆಣ್ಣೆ ಬಿಸ್ಕತ್ತಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡು ಪಾಲು ಮೈದಾಕ್ಕೆ ಒಂದೊಂದು ಪಾಲು ಸಕ್ಕರೆ ಮತ್ತು ಜಿಡ್ಡು ಎಂಬುದು ಅದರ ಸ್ಥೂಲ ಅಳತೆ. ನೂರು ಗ್ರಾಂ ಮೈದಾಕ್ಕೆ 350, ಐವತ್ತು ಗ್ರಾಂ ಸಕ್ಕರೆಗೆ 200, ಐವತ್ತು ಗ್ರಾಂ ಡಾಲ್ಡಾಕ್ಕೆ 450, ಕೂಡಿದರೆ ಇನ್ನೂರು ಗ್ರಾಮಿಗೆ ಸಾವಿರ, ಎಂದರೆ ಗ್ರಾಮಿಗೆ ಐದು ಕ್ಯಾಲೊರಿ. ಒಲೆಯಲ್ಲಿ ನೀರಿನಂಶ ಆರಿಹೋಗಿ ಕ್ಯಾಲೊರಿ ಉಳಿಯುವುದರಿಂದ ಈ ಐದು ತುಸು ಏರುವುದೇ ಹೊರತು ಇಳಿಯದು. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರೂ ಡಾಲ್ಡಾದಲ್ಲಿ ಬರೀ ಜಿಡ್ಡೂ ಇರುವುದರಿಂದ, ಹೆಸರಿಗೆ ತಕ್ಕಂತೆ ಬೆಣ್ಣೆಯನ್ನೇ ಅಷ್ಟು ಹಾಕಿದ್ದರೆ ಲೆಕ್ಕ ಸ್ವಲ್ಪ ಹಗುರಾಗುತ್ತಿತ್ತೆಂಬ ಸೂಕ್ಷ್ಮವನ್ನೂ ಇವರು ಬಲ್ಲರು. ಗುಣಾಕಾರದಲ್ಲಿ ತಪ್ಪು ಹುಡುಕುವವನು ಸೋತುಹೋಗುತ್ತಾನೆ. ಹಸ್ತಕೌಶಲವಿರುವುದು ಗುಣಿಸುವುದಕ್ಕೆ ಮುಂಚಿನ ಒಂದೇ ಒಂದು ಮಾತಿನಲ್ಲಿ: ಇಪ್ಪತ್ತು ಗ್ರಾಂ ತೂಗುವ ಬಿಸ್ಕತ್ತನ್ನು ಕಣ್ಣಳತೆಯಲ್ಲಿ ನೋಡಿ, “ಹತ್ತು ಗ್ರಾಂ ಇದ್ದರೆ ಹೆಚ್ಚು” ಎನ್ನುತ್ತಾರೆ.

ಕಂದಾಯದ ಲೆಕ್ಕದಲ್ಲಿ ಬರಗಾಲದ ವರ್ಷ ಬಾಕಿಯನ್ನು ಬಿಟ್ಟುಕೊಡುವುದಕ್ಕೆ ಮಾಫಿ ಎನ್ನುತ್ತಾರೆ. ಶಾನುಭೋಗರ ರಾಜ್ಯದಲ್ಲಿ ಬರಗಾಲ ನಿತ್ಯವೂ ಇರುತ್ತದೆ. ನಿಂತು ತಿಂದದ್ದು ಊಟವಲ್ಲವಾದ್ದರಿಂದ ಅದಕ್ಕೆ ಅರ್ಧ ಮಾಫಿ, ತಟ್ಟೆಯಲ್ಲಿ ಮುರಿದುಬಿದ್ದ ಚೂರಿಗೆ ಪೂರ್ತಿ ಮಾಫಿ, ಮೊಟ್ಟೆ ಹಾಕದ ಕೇಕು ಎಂಬ ಖ್ಯಾತಿಯ ಮೇಲೆ ಇನ್ನಷ್ಟು ರಿಯಾಯಿತಿ. ಹನಿ ಕೇಕೆಂದರೆ ಪಾಕದಲ್ಲಿ ತೊಯ್ಸಿದ ಮೆತ್ತನೆಯ ಕೇಕಿನ ಮೇಲೆ ಕೆಂಪು ಜಾಮು ಸವರಿ ಕೊಬ್ಬರಿ ತುರಿ ಉದುರಿಸಿದ ತಿನಿಸು. ಆ ಪಾಕದಲ್ಲಿ ಹೆಚ್ಚಿನ ಪಾಲು ಸಕ್ಕರೆಯದೇ ಆಗಿದ್ದರೂ ಜೇನು ಔಷಧಿಯೆಂಬ ಅಜ್ಜಿಯ ಮಾತು ಇವರಿಗೆ ಸರಿಯಾಗಿ ಅಲ್ಲಿಯೇ ನೆನಪಾಗುತ್ತದೆ. “ಒಂದು ಹನಿ ಕೇಕ್ ಕೊಡಪ್ಪ, ಸಣ್ಣದು ನೋಡಿ ಕೊಡು” ಎಂದರೆ, ಒಂದೇ ಟ್ರೇಯಿಂದ ಒಂದೇ ಅಳತೆಗೆ ಕೊಯ್ದ ತುಂಡುಗಳನ್ನು ಎದುರಿಗಿಟ್ಟುಕೊಂಡ ಹುಡುಗ, “ಎಲ್ಲಾ ಒಂದೇ ಸೈಜು ಸಾರ್” ಎನ್ನುತ್ತಾನೆ. ಆದರೂ ಅದು ಸಣ್ಣದೆಂದೇ ದಾಖಲಾಗುತ್ತದೆ. ದಿಲ್‌ಪಸಂದಿನೊಳಗೆ ಕೊಬ್ಬರಿಯೊಡನೆ ಸೇರಿರುವ ಟೂಟಿ ಫ್ರೂಟಿ ಮೂಲತಃ ಪರಂಗಿಕಾಯಿಯ ಚೂರುಗಳನ್ನು ಸಕ್ಕರೆ ಪಾಕದಲ್ಲಿ ಕುದಿಸಿ ಬಣ್ಣ ಕಟ್ಟಿದ್ದಾದ್ದರಿಂದ ಅದು ಹಣ್ಣಿನ ಬಾಬ್ತಿಗೂ, ಕಾಂಗ್ರೆಸ್ ಕಡಲೆಕಾಯಿ ಪ್ರೋಟೀನಿನ ಬಾಬ್ತಿಗೂ ಹೋಗುತ್ತವೆ. ಖಾರಾ ಬನ್ನು ಸಿಹಿಯಲ್ಲವೆಂಬ ಒಂದೇ ಕಾರಣಕ್ಕೆ ಯಾವ ಬಾಬ್ತಿಗೂ ಸೇರದೆ ಹೊಟ್ಟೆಗೆ ಸೇರುತ್ತದೆ. ಇಷ್ಟೆಲ್ಲ ಆದಮೇಲೆ ಇವರು ಗಂಭೀರ ಧ್ವನಿಯಲ್ಲಿ ಹೇಳುವ ಮಾತು: “ಟೀಗೆ ಸಕ್ಕರೆ ಬೇಡ.”

ಜಮೆಯ ಕಡೆ ಕೈ ಇನ್ನೂ ಧಾರಾಳ. ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಮೂರು ಕಿಲೋಮೀಟರು ನಡೆದರೆ ಎಪ್ಪತ್ತು ಕಿಲೋ ತೂಕದವರಿಗೆ ಖರ್ಚಾಗುವುದು ನೂರೆಂಬತ್ತರ ಆಸುಪಾಸು. ಶಾನುಭೋಗರು ನಾನೂರು ಹಿಡಿಯುತ್ತಾರೆ, ಗೆಳೆಯರ ಜೊತೆ ಬೆಂಚಿನ ಮೇಲೆ ಕುಳಿತ ಅರ್ಧ ಗಂಟೆಯೂ ಅದರಲ್ಲೇ ಸೇರಿರುತ್ತದೆ. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯದೆಂದು ದೂರುತ್ತಿದ್ದ ಕೆಲವರನ್ನು ನ್ಯೂಯಾರ್ಕಿನಲ್ಲಿ ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ ದೇಹ ದಂಡಿಸಿದ್ದನ್ನು ಶೇ. 51ರಷ್ಟು ಹೆಚ್ಚಾಗಿಯೂ ಹೇಳಿದ್ದು ಕಂಡುಬಂತು. ಅಂಕಿಗಳನ್ನು ನೋಡಿದರೆ ಆ ವಿದ್ವಾಂಸರು ಗಾಂಧಿಬಜಾರಿನಲ್ಲಿಯೂ ನಾಲ್ಕು ದಿನ ಕಳೆದಿದ್ದರೇನೋ ಎನಿಸುತ್ತದೆ.

ಇಷ್ಟಾದರೂ ಇವರನ್ನು ಸುಳ್ಳರೆನ್ನುವುದು ಅನ್ಯಾಯ, ಏಕೆಂದರೆ ಸುಳ್ಳನಿಗೆ ಲೆಕ್ಕದ ಗೊಡವೆಯೇ ಇರುವುದಿಲ್ಲ. ಲೆಕ್ಕ ಬಾರದವನು ಆಸೆಗೆ ಒಂದು ಬಿಸ್ಕತ್ತು ತಿಂದು, ಮನಸ್ಸು ಕುಟುಕಿದ್ದಕ್ಕೆ ಅಲ್ಲಿಗೇ ಕೈ ತೊಳೆಯುತ್ತಾನೆ. ಶಾನುಭೋಗರಾದರೋ ಕೂಡಿ ಕಳೆದು, ಇನ್ನೂ ತೊಂಬತ್ತು ಬಾಕಿಯಿದೆಯೆಂದು ಕಂಡುಹಿಡಿದು, ಖಾತೆ ಸರಿಹೊಂದಿಸುವ ಏಕೈಕ ಉದ್ದೇಶದಿಂದ ಎರಡನೆಯದನ್ನು ತೆಗೆದುಕೊಳ್ಳುತ್ತಾರೆ.

ಅಂದಾಜಿಗೆ ಅವಕಾಶವೇ ಇಲ್ಲದಂತೆ ಮಾಡುವ ಸಾಧನವೊಂದು ಇವರ ಮೊಣಕೈಯಿಂದ ಒಂದು ಗೇಣು ದೂರದಲ್ಲೇ ಇರುತ್ತದೆ. ಬೆಣ್ಣೆ ಬಿಸ್ಕತ್ತನ್ನು ತೂಕದ ಲೆಕ್ಕದಲ್ಲಿ ಮಾರುವುದರಿಂದ ಪ್ರತಿ ಬೇಕರಿಯ ಕಟ್ಟೆಯ ಮೇಲೂ ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯಿದ್ದು, ಮನೆಯವರಿಗೆಂದು ಇವರು ಕಟ್ಟಿಸಿಕೊಳ್ಳುವ ಕಾಲು ಕಿಲೋ ಪೊಟ್ಟಣವನ್ನು ಹುಡುಗ ಅದರ ಮೇಲಿಟ್ಟಾಗ ಕೆಂಪು ಅಕ್ಷರಗಳಲ್ಲಿ 250 ಎಂದು ಮೂಡುತ್ತದೆ. ಗ್ರಾಮಿಗೆ ಐದರಂತೆ ಅದು 1,250 ಕ್ಯಾಲೊರಿ. ಆ ಹೊತ್ತಿಗೆ ಶಾನುಭೋಗರು ಸರಿಯಾದ ಚಿಲ್ಲರೆಗಾಗಿ ಜೇಬು ನೋಡಿಕೊಳ್ಳುತ್ತಿರುತ್ತಾರೆ.